ಮುಂಬಯಿಯ ಹೆಬ್ಬಾಗಿಲು

ಹಿಂದಿನ ಕಾಲದ ದೊಡ್ಡ ಊರುಗಳಿಗೆ ಕೋಟೆ ಇರುತ್ತಿತ್ತು, ಕೋಟೆಗೊಂದು ಹೆಬ್ಬಾಗಿಲು. ಕತ್ತಲಾದ ಮೇಲೆ ಆ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಬೆಳಗಾದ ಮೇಲೆಯೇ. ಬಂದವನು ಯಾರು, ಎಲ್ಲಿಯವನು, ಯಾತಕ್ಕಾಗಿ ಬಂದ ಎಂದು ವಿಚಾರಿಸದೆ ಕಾವಲಿನವರು ಒಳಗೆ ಬಿಡುತ್ತಿರಲಿಲ್ಲ. ಈಗ ಕೋಟೆಗಳ ಕಾಲ ಮುಗಿಯಿತು. ಹಾಗಾದರೆ ಊರಿಗೆ ಹೆಬ್ಬಾಗಿಲೇ ಬೇಡವಾಯಿತೆ? ಇಲ್ಲ, ಬೇರೊಂದು ಬಗೆಯ ಬಾಗಿಲು ಬಂತು. ಅದೇ ರೈಲು ನಿಲ್ದಾಣ. ಅಲ್ಲಿ ಕೈಯಲ್ಲೊಂದು ಟಿಕೆಟ್ಟಿದ್ದರೆ ಸಾಕು, ನಿಮ್ಮ ಊರು ಕೇರಿ ಜಾತಿ ಕುಲಗಳನ್ನು ಕೇಳುವವರಿಲ್ಲ.

ನಮ್ಮ ದೇಶದಲ್ಲಿ ಇಂಥ ಹೆಬ್ಬಾಗಿಲುಗಳು ಅನೇಕ. ಅವುಗಳಲ್ಲಿ ಗಾಂಭೀರ್ಯದಲ್ಲಾಗಲಿ, ಜನಸಂದಣಿಯಲ್ಲಾಗಲಿ, ಕಂಡ ಸುಖದುಃಖಗಳಲ್ಲಾಗಲಿ ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ಗೆ ಸಾಟಿಯಾದದ್ದು ಅಪರೂಪ. ಹಳಬರ ಬಾಯಲ್ಲಿ ಅದು ಬರಿಯ ‘ವಿ.ಟಿ.’ 1996ರಲ್ಲಿ ಅದಕ್ಕೆ ಛತ್ರಪತಿ ಶಿವಾಜಿ ಟರ್ಮಿನಸ್ ಎಂದು ನಾಮಕರಣವಾಯಿತು. 2017ರಲ್ಲಿ ‘ಮಹಾರಾಜ್’ ಎಂಬ ಗೌರವದ ಮಾತೂ ಸೇರಿತು. ಎಲ್ಲಕ್ಕಿಂತ ಹಿಂದಿನ ಹೆಸರು ಬೋರಿ ಬಂದರ್. ಬೋರಿ ಎಂದರೆ ಗೋಣಿಚೀಲ. ಬಂದರು ನಿಮಗೆ ಗೊತ್ತೇ ಇದೆ. ಸರಕಿನ ಚೀಲಗಳನ್ನು ಏರಿಸಿ ಇಳಿಸುತ್ತಿದ್ದ ತಾಣವಾದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ಚೀಲದ ಹೆಸರು, ರಾಣಿಯ ಹೆಸರು, ಛತ್ರಪತಿಯ ಹೆಸರು: ಮೂರು ಹೆಸರುಗಳಲ್ಲಿ ಊರಿನ ಚರಿತ್ರೆಯೇ ಅಡಗಿದೆ ಎನ್ನಬಹುದು.

ಭಾರತದ ಮೊಟ್ಟಮೊದಲ ಪ್ರಯಾಣಿಕರ ರೈಲು ಹೊರಟದ್ದು ಇದೇ ಬೋರಿ ಬಂದರಿನಿಂದ, 1853ನೆಯ ಇಸವಿ ಏಪ್ರಿಲ್ 16ರ ಮಧ್ಯಾಹ್ನ. ಹದಿನಾಲ್ಕು ಡಬ್ಬಿಗಳು, ಸುಮಾರು ನಾನೂರು ಜನ ಆಹ್ವಾನಿತರು. ಎಳೆಯುವುದಕ್ಕೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಯಂತ್ರಗಳು. ಹೋದದ್ದು ಠಾಣೆಯವರೆಗೆ, 21 ಮೈಲಿ. ಇಂದು ಆ ದೂರವನ್ನು ದಿನಕ್ಕೆರಡು ಬಾರಿ ನಿಂತುಕೊಂಡೇ ಕ್ರಮಿಸುವ ಗುಮಾಸ್ತರಿಗೆ ಅದೊಂದು ಪ್ರಯಾಣವೆಂದೇ ಅನ್ನಿಸದು. ಅಂದು ಮಾತ್ರ ಅದನ್ನು ನೋಡಲು ಊರಿಗೆ ಊರೇ ನೆರೆದಿತ್ತು.

ಈ ರೈಲನ್ನು ಇಂಗ್ಲಿಷರು ತಂದರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಸತ್ಯ. 1845ರಷ್ಟು ಹಿಂದೆಯೇ ಜಗನ್ನಾಥ ಶಂಕರಶೇಟ್ ಮತ್ತು ಸರ್ ಜಮ್‌ಶೇಟ್‌ಜಿ ಜೀಜಿಭಾಯಿ ಎಂಬ ಇಬ್ಬರು ಮುಂಬಯಿಯ ಮಹನೀಯರು ರೈಲ್ವೆಗಾಗಿ ಒಂದು ಸಂಘವನ್ನು ಸ್ಥಾಪಿಸಿ ಓಡಾಡಿದ್ದರು. ಮುಂದೆ 1849ರಲ್ಲಿ ‘ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ’ ಎಂಬ ಕಂಪೆನಿ ಆಯಿತು. ಇಬ್ಬರೂ ಅದರ ನಿರ್ದೇಶಕರಾದರು. ಕಂಪೆನಿಯ ಕಣ್ಣಿದ್ದದ್ದು ಪ್ರಯಾಣಿಕರಿಗಿಂತ ಹೆಚ್ಚಾಗಿ ಹತ್ತಿಯ ಮೇಲೆ. ದಖ್ಖನ್ನಿನ ಕಪ್ಪುನೆಲದ ಹತ್ತಿ ಬಂದರಿಗೆ ಬಂದು ಹಡಗೇರಿದರೆ ಲ್ಯಾಂಕಾಶೈರಿನ ಗಿರಣಿಗಳು ನಡೆಯುತ್ತವೆ. ಆದರೆ ನಡುವೆ ಅಡ್ಡಲಾಗಿ ಗೋಡೆಯಂತೆ ನಿಂತಿದೆ ಸಹ್ಯಾದ್ರಿ!

ಆ ಗೋಡೆಯನ್ನು ಹತ್ತಿದ್ದೇ ಒಂದು ಸಾಹಸದ ಕಥೆ. ಬೋರ್ ಘಾಟಿನಲ್ಲಿ ಸುಮಾರು 16 ಮೈಲಿಯೊಳಗೆ 1,831 ಅಡಿ ಮೇಲೇರಬೇಕು. ಅದಕ್ಕಾಗಿ 25 ಸುರಂಗಗಳನ್ನು ಕೊರೆದರು. ಗುತ್ತಿಗೆ ಹಿಡಿದು 1859ರಲ್ಲಿ ಇಂಗ್ಲೆಂಡಿನಿಂದ ಬಂದ ಸಾಲೊಮನ್ ಟ್ರೆಡ್‌ವೆಲ್ ಎಂಬಾತ ಬಂದ ಕೆಲವೇ ದಿನಗಳಲ್ಲಿ ರೋಗ ಬಂದು ತೀರಿಕೊಂಡ. ಅವನ ಹೆಂಡತಿ ಆಲಿಸ್ ಗಂಟುಮೂಟೆ ಕಟ್ಟಿ ಹಿಂದಿರುಗಲಿಲ್ಲ. ಗುತ್ತಿಗೆಯನ್ನು ತನ್ನ ಹೆಸರಿಗೆ ವಹಿಸಿಕೊಂಡು, ಅನುಭವಿಗಳಾದ ಎಂಜಿನಿಯರುಗಳನ್ನು ಮುಂದಿಟ್ಟುಕೊಂಡು ಕೆಲಸವನ್ನು ಮುಗಿಸಿದಳು. 1863ರಲ್ಲಿ ಘಟ್ಟದ ದಾರಿ ತೆರೆಯಿತು. ಆಕೆಯ ಹೆಸರಾದರೂ ಪುಸ್ತಕದಲ್ಲಿ ಉಳಿದಿದೆ. ಬಂಡೆ ಒಡೆಯುತ್ತ, ಕಾಲರಾ ಜ್ವರಗಳಿಗೆ ತುತ್ತಾಗಿ ಆ ಘಟ್ಟದಲ್ಲಿಯೇ ಮಣ್ಣಾದ ಸಾವಿರಾರು ಕೂಲಿಗಳ ಹೆಸರನ್ನು ಬರೆದಿಟ್ಟವರಿಲ್ಲ. ಮುಂಬಯಿಯ ಗೋಪುರವನ್ನು ನೋಡಿ ಬೆರಗಾಗುವಾಗ ಅದರ ತಳಪಾಯ ಎಷ್ಟು ದೂರದವರೆಗೆ ಹಬ್ಬಿದೆ ಎಂಬುದನ್ನು ಮರೆಯಬಾರದು.

ಘಟ್ಟ ಹತ್ತಿದ ಹಳಿ ಪುಣೆ, ಸೊಲ್ಲಾಪುರಗಳನ್ನು ದಾಟಿ ನಮ್ಮ ಕಲಬುರಗಿಯ ಸೀಮೆಗೆ ಬಂತು. 1871ರಲ್ಲಿ ರಾಯಚೂರಿನಲ್ಲಿ, ಮದರಾಸಿನ ಕಡೆಯಿಂದ ಬಂದ ಹಳಿಯೊಡನೆ ಅದು ಕೂಡಿಕೊಂಡಿತು. ಪಶ್ಚಿಮ ಸಮುದ್ರಕ್ಕೂ ಪೂರ್ವ ಸಮುದ್ರಕ್ಕೂ ನಡುವೆ ಆ ಗಂಟು ಬಿದ್ದದ್ದು ಕನ್ನಡ ನೆಲದಲ್ಲಿ ಎಂಬುದು ನಾವು ನೆನೆಯಬೇಕಾದ ವಿಷಯ.

ಇಷ್ಟು ದೊಡ್ಡ ಹಾದಿಗೆ ಬೋರಿ ಬಂದರಿನ ಹಳೆಯ ಸಣ್ಣ ನಿಲ್ದಾಣ ಸಾಲದಾಯಿತು. ಕಂಪೆನಿಯವರು ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿಕೊಂಡರು. ಆಗ ಅವನಿಗೆ ವಯಸ್ಸು ಮೂವತ್ತು. ಅವನು ಯೂರೋಪಿಗೆ ಹೋಗಿ ಅಲ್ಲಿನ ನಿಲ್ದಾಣಗಳನ್ನು ನೋಡಿಕೊಂಡು ಬಂದು ನಕ್ಷೆ ತಯಾರಿಸಿದ. 1878ರಲ್ಲಿ ಕೆಲಸ ಮೊದಲಾಯಿತು. ಮುಗಿಯುವುದಕ್ಕೆ ಹತ್ತು ವರ್ಷ ಹಿಡಿಯಿತು. ಖರ್ಚು 16 ಲಕ್ಷ ರೂಪಾಯಿಗೂ ಮೇಲೆ. ಅಂದಿನ ಹದಿನಾರು ಲಕ್ಷ ಎಂದರೆ ಎಷ್ಟೆಂಬುದನ್ನು ನೀವೇ ಊಹಿಸಿಕೊಳ್ಳಿ. 1887ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟದ ಸುವರ್ಣ ಮಹೋತ್ಸವ ಬಂದುದರಿಂದ ಕಟ್ಟಡಕ್ಕೆ ಅವಳ ಹೆಸರಾಯಿತು.

ಎದುರಿನ ರಸ್ತೆಯಲ್ಲಿ ನಿಂತು ಆ ಕಟ್ಟಡವನ್ನು ಒಮ್ಮೆ ಸಾವಧಾನವಾಗಿ ನೋಡಿ. ನಡುವೆ ಎಂಟು ಮೂಲೆಯ ದೊಡ್ಡ ಗುಮ್ಮಟ. ಅದರ ಶಿಖರದಲ್ಲಿ ‘ಪ್ರಗತಿ’ ಎಂಬ ಸ್ತ್ರೀಮೂರ್ತಿ. ಅವಳ ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಅರೆಕಾಲುಗಳುಳ್ಳ ಚಕ್ರ. ಎರಡು ಪಕ್ಕದ ರೆಕ್ಕೆಗಳು ಮುಂದಕ್ಕೆ ಚಾಚಿ, ಬಂದವರನ್ನು ತೋಳು ನೀಡಿ ಕರೆಯುವಂತಿವೆ. ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ಭಾರತದ್ದು. ಗೋಡೆಯ ಕಲ್ಲುಗಳಲ್ಲಿ ನವಿಲು ಗರಿಗೆದರಿದೆ, ಕೋತಿ ಇಣುಕುತ್ತಿದೆ, ಎಲೆ ಬಳ್ಳಿಗಳು ಹೆಣೆದುಕೊಂಡಿವೆ. ಚೂಪಾದ ಕಮಾನು, ಬಣ್ಣದ ಗಾಜು ಇವೆಲ್ಲ ಯೂರೋಪಿನ ಗಾಥಿಕ್ ಶೈಲಿಯವು. ಆದರೆ ಸಣ್ಣ ಗೋಪುರಗಳನ್ನೂ ಅಲಂಕಾರವನ್ನೂ ನೋಡಿದರೆ ನಮ್ಮ ಅರಮನೆಗಳ ನೆನಪಾಗದೆ ಇರದು. ಇದಕ್ಕೆ ಕಾರಣವಿದೆ. ನಕ್ಷೆ ಸ್ಟೀವನ್ಸನದಾದರೂ ಕೆತ್ತಿದ ಕೈಗಳು ನಮ್ಮವು. ಮುಂಬಯಿಯ ಜೆ.ಜೆ. ಕಲಾಶಾಲೆಯ ಗುರುಗಳೂ ವಿದ್ಯಾರ್ಥಿಗಳೂ ಆ ಅಲಂಕಾರದಲ್ಲಿ ದುಡಿದರು. ಸೀತಾರಾಮ ಖಂಡೇರಾವ್ ವೈದ್ಯರಂಥ ಭಾರತೀಯರು ಕೆಲಸದ ಮೇಲ್ವಿಚಾರಣೆ ವಹಿಸಿದ್ದರು. ಕಂಪೆನಿಯ ಯಜಮಾನರ ನಡುವೆ ಶಂಕರಶೇಟ್, ಜೀಜಿಭಾಯಿ ಇವರ ಮುಖಗಳೂ ಗೋಡೆಯ ಮೇಲಿನ ಕೆತ್ತನೆಯಲ್ಲಿ ಕಾಣುತ್ತವೆ. ಗಡಿಯಾರದ ಕೆಳಗಿದ್ದ ರಾಣಿಯ ವಿಗ್ರಹವನ್ನು ಸ್ವಾತಂತ್ರ್ಯಾನಂತರ ತೆಗೆದುಬಿಟ್ಟರು. ಶಿಖರದ ‘ಪ್ರಗತಿ’ ಮಾತ್ರ ಅಲ್ಲೇ ಇದ್ದಾಳೆ.

ಗಡಿಯಾರ ಎಂದೊಡನೆ ಇನ್ನೊಂದು ಮಾತು ನೆನಪಾಗುತ್ತದೆ. ಬಾನುಲಿಯ ಮುಂದೆ ಕುಳಿತು ಕೈಗಡಿಯಾರ ಸರಿಪಡಿಸಿಕೊಳ್ಳುವ ಅಭ್ಯಾಸವುಳ್ಳ ನಿಮಗೆ ಇದು ವಿನೋದವೆನಿಸಬಹುದು. ಒಂದು ಕಾಲದಲ್ಲಿ ಮುಂಬಯಿಗೆ ಒಂದು ಗಂಟೆ, ರೈಲಿಗೆ ಇನ್ನೊಂದು ಗಂಟೆ! ದೇಶದ ರೈಲುಗಳು ಮದರಾಸಿನ ಸಮಯಕ್ಕೆ ನಡೆಯುತ್ತಿದ್ದವು; ಊರಿನ ಗಡಿಯಾರ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಮನೆಯ ಗಡಿಯಾರವನ್ನು ನಂಬಿ ಹೊರಟವನು ನಿಲ್ದಾಣಕ್ಕೆ ಬರುವುದರೊಳಗೆ ಗಾಡಿ ಹೋಗಿಬಿಟ್ಟಿರಬಹುದು. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯವೆಂದು ಗೊತ್ತಾದ ಮೇಲೂ ಮುಂಬಯಿಯ ಜನ ಒಪ್ಪಲಿಲ್ಲ. 39 ನಿಮಿಷ ಹಿಂದಿರುವ ತಮ್ಮ ‘ಬಾಂಬೆ ಟೈಮ್’ ಅನ್ನು ಕೆಲವೆಡೆ 1955ರವರೆಗೂ ಕಾಪಾಡಿಕೊಂಡು ಬಂದರು. ಕೊನೆಗೆ ಗೆದ್ದದ್ದು ನಿಲ್ದಾಣದ ಗಡಿಯಾರವೇ. ಇಂದು ಮುಂಬಯಿಯವರು ಹೊತ್ತನ್ನು ಹೇಳುವುದು ಲೋಕಲ್ ಗಾಡಿಯ ಲೆಕ್ಕದಲ್ಲಿ: ‘ಎಂಟು ಹದಿನೇಳರ ಗಾಡಿ’, ‘ಒಂಬತ್ತು ನಾಲ್ಕರ ಗಾಡಿ’ ಎಂದು. ನಮ್ಮಲ್ಲಿ ‘ಎಂಟೂಕಾಲು ಆಗಿರಬಹುದು’ ಎನ್ನುವವರಿಗೆ ಆ ಎರಡು ನಿಮಿಷದ ಬೆಲೆ ತಿಳಿಯುವುದಿಲ್ಲ.

ಇನ್ನು ಅಲ್ಲಿನ ಕೆಲಸ ನಡೆಯುವ ಬಗೆಯನ್ನು ನೋಡೋಣ. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ಗಾಡಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತದೆ. ಟರ್ಮಿನಸ್ ಹಾಗಲ್ಲ. ಅಲ್ಲಿ ಹಳಿ ಮುಗಿದುಹೋಗುತ್ತದೆ. ಮುಂದೆ ಇರುವುದು ತಡೆಗಟ್ಟೆ, ಅದರಾಚೆ ಊರು. ಉಗಿಯ ಕಾಲದಲ್ಲಿ ಗಾಡಿಯನ್ನು ಎಳೆದು ತಂದ ಎಂಜಿನ್ನು ಒಳಗೇ ಸಿಕ್ಕಿಬೀಳುತ್ತಿತ್ತು. ಹಿಂದಿನಿಂದ ಬೇರೊಂದು ಎಂಜಿನ್ನು ಬಂದು ಡಬ್ಬಿಗಳನ್ನು ಎಳೆದುಕೊಂಡು ಹೋದ ಮೇಲೆಯೇ ಅದಕ್ಕೆ ಬಿಡುಗಡೆ. ಅಷ್ಟು ಹೊತ್ತೂ ಪ್ಲಾಟ್‌ಫಾರಂ ತೆರವಾಗುವಂತಿಲ್ಲ. ದಿನಕ್ಕೆ ನಾಲ್ಕಾರು ಗಾಡಿಗಳಾದರೆ ಇದು ನಡೆದೀತು. ನಗರ ಬೆಳೆದು, ನಿಮಿಷ ನಿಮಿಷಕ್ಕೆ ಗಾಡಿ ಬೇಕಾದಾಗ ನಡೆಯದು.

ಈ ತೊಡಕನ್ನು ಬಿಡಿಸಿದ್ದು ವಿದ್ಯುತ್ತು. 1925ನೆಯ ಇಸವಿ ಫೆಬ್ರವರಿ 3ರಂದು, ಅಂದಿನ ಮುಂಬಯಿ ಗವರ್ನರ್ ಸರ್ ಲೆಸ್ಲಿ ವಿಲ್ಸನ್ನರ ಹಸ್ತದಿಂದ, ದೇಶದ ಮೊದಲ ವಿದ್ಯುತ್ ರೈಲು ಇಲ್ಲಿಂದಲೇ ಕುರ್ಲಾಕ್ಕೆ ಹೊರಟಿತು. ವಿದ್ಯುತ್ ಲೋಕಲ್ ಗಾಡಿಗೆ ಎರಡು ತುದಿಯಲ್ಲಿಯೂ ಚಾಲಕನ ಕೋಣೆ ಇರುತ್ತದೆ. ಬಂದ ಗಾಡಿಯನ್ನು ತಿರುಗಿಸುವ ಗೋಜಿಲ್ಲ. ಹಿಂದಿನ ತುದಿಯೇ ಮುಂದಿನದಾಗಿ, ಕೆಲವೇ ನಿಮಿಷಗಳಲ್ಲಿ ಅದೇ ಗಾಡಿ ಹೊರಟುಬಿಡುತ್ತದೆ. ಈ ಒಂದು ಸರಳ ಉಪಾಯದ ಮೇಲೆ ಇಡೀ ನಗರದ ಬದುಕು ನಿಂತಿದೆ. ಇಂದು ಅಲ್ಲಿ 18 ಪ್ಲಾಟ್‌ಫಾರಂಗಳಿವೆ. ಅವುಗಳಲ್ಲಿ ಲೋಕಲ್ ಗಾಡಿಗಳಿಗೆ ಮೀಸಲಾದುವು ಏಳೇ. ಆ ಏಳರಿಂದಲೇ ಕಲ್ಯಾಣ, ಕಸಾರಾ, ಕರ್ಜತ್ ಕಡೆಗೂ, ಪನವೇಲಿನ ಕಡೆಗೂ ದಿನವೂ ಲಕ್ಷಾಂತರ ಜನರ ಹೋಗುಬರುವಿಕೆ. ಮೊದಲು 1,500 ವೋಲ್ಟಿನ ಏಕಮುಖ ವಿದ್ಯುತ್ತಿನಲ್ಲಿ ಓಡುತ್ತಿದ್ದ ಗಾಡಿಗಳು ಈಗ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿನಲ್ಲಿ ಓಡುತ್ತವೆ. ಆ ಬದಲಾವಣೆ 2016ರಲ್ಲಿ ಪೂರ್ತಿಯಾಯಿತು. ಪ್ರಯಾಣಿಕರಲ್ಲಿ ಎಷ್ಟು ಜನರಿಗೆ ಇದು ತಿಳಿದಿತ್ತು? ತಿಳಿಯದಿದ್ದುದೇ ಆ ಕೆಲಸಗಾರರ ಹೆಚ್ಚುಗಾರಿಕೆ.

ಗೋಪುರ ಎಷ್ಟೇ ಎತ್ತರವಾಗಿರಲಿ, ನಿಲ್ದಾಣವನ್ನು ಅಳೆಯಬೇಕಾದದ್ದು ಅದರಿಂದಲ್ಲ. ಕೊನೆಯ ದರ್ಜೆಯ ಪ್ರಯಾಣಿಕನನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಿಂದ. ಈ ಮಾತನ್ನು ಗಾಂಧೀಜಿಯವರಿಗಿಂತ ಚೆನ್ನಾಗಿ ಅರಿತವರಿಲ್ಲ. 1917ರ ಸೆಪ್ಟೆಂಬರಿನಲ್ಲಿ ಅವರು ಮುಂಬಯಿಯಿಂದ ಮದರಾಸಿಗೆ ಮೈಲ್ ಗಾಡಿಯಲ್ಲಿ ಮೂರನೆಯ ದರ್ಜೆಯಲ್ಲಿ ಹೋದರು. 22 ಜನರಿಗೆಂದು ಬರೆದಿದ್ದ ಡಬ್ಬಿ ಅದು. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ಸಹಿಸಲಾಗದಂತಾಯಿತೆಂದು ಅವರು ಪತ್ರಿಕೆಗಳಿಗೆ ಬರೆದರು. ಡಬ್ಬಿಯ ಕೊಳಕನ್ನೂ ನೀರಿನ ಅಭಾವವನ್ನೂ ಎಳೆ ಎಳೆಯಾಗಿ ವರ್ಣಿಸಿದರು. ಅಮೃತಶಿಲೆಯ ಕಂಬಗಳಿರುವ ನಿಲ್ದಾಣಗಳನ್ನು ಕಟ್ಟಬಲ್ಲ ಕಂಪೆನಿಗಳು ಕುಡಿಯುವ ನೀರನ್ನೂ ಶುಚಿಯನ್ನೂ ಒದಗಿಸಲಾರವೆ ಎಂಬ ಪ್ರಶ್ನೆ ಆ ಪತ್ರವನ್ನು ಓದಿದವರಿಗೆ ತಾನಾಗಿ ಏಳುತ್ತದೆ. ಮೂರನೆಯ ದರ್ಜೆ ಎಂಬುದು ಹೆಸರಿನ ಮಟ್ಟಿಗಾದರೂ ನಮ್ಮ ರೈಲುಗಳಿಂದ ಹೋದದ್ದು 1974ರಲ್ಲಿ.

ಆ ಕೊನೆಯ ದರ್ಜೆಯಲ್ಲಿ ಬಂದಿಳಿದವರಲ್ಲಿ ನಮ್ಮವರು ಎಷ್ಟು ಮಂದಿ! ಕಲಬುರಗಿ, ರಾಯಚೂರು, ವಿಜಯಪುರದ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿ ಹುಡುಕಿಕೊಂಡು ಮುಂಬಯಿಯ ಗಾಡಿ ಹತ್ತಿದವರು ಒಬ್ಬಿಬ್ಬರಲ್ಲ. ಕರಾವಳಿಯ ಹುಡುಗರು ಹಿಂದೆಲ್ಲ ಹಡಗಿನಲ್ಲೋ ಮೋಟಾರಿನಲ್ಲೋ ಬಂದು ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. 1998ರಲ್ಲಿ ಕೊಂಕಣ ರೈಲ್ವೆ ತೆರೆದ ಮೇಲೆ ಅವರ ಊರಿಗೂ ಹಳಿಯ ನಂಟಾಯಿತು; ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ಸಂತೂ ಇದೇ ನಿಲ್ದಾಣದಲ್ಲಿ ಬಂದು ನಿಲ್ಲುತ್ತದೆ. ಮಾಟುಂಗಾದಲ್ಲಿಯೋ ಡೊಂಬಿವಿಲಿಯಲ್ಲಿಯೋ ನಿಮ್ಮ ಕಿವಿಗೆ ಕನ್ನಡ ಬಿದ್ದರೆ, ಆ ಮನೆತನದ ಯಾರೋ ಒಬ್ಬರು ಒಂದು ದಿನ ಟ್ರಂಕು ಹಿಡಿದು ಈ ಊರಿನ ಯಾವುದೋ ಬಾಗಿಲಲ್ಲಿ ದಿಕ್ಕು ತೋಚದೆ ನಿಂತಿದ್ದರೆಂದು ತಿಳಿಯಿರಿ.

ದಿಕ್ಕು ತೋಚದವರಿಗೆ ನಿಲ್ದಾಣದಲ್ಲಿ ಆಸರೆ ಯಾವುದು? ಒಂದು ದನಿ. ಮೇಲಿನಿಂದ ಬರುವ, ಮುಖ ಕಾಣದ ದನಿ. ಯಾವ ಗಾಡಿ ಯಾವ ಪ್ಲಾಟ್‌ಫಾರಂ, ಎಷ್ಟು ಹೊತ್ತಿಗೆ ಎಂದು ಅದು ಹೇಳುತ್ತಿರುತ್ತದೆ. ಕೇಳಿ ಕೇಳಿ ನಾವು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತೇವೆ. 2008ನೆಯ ಇಸವಿ ನವೆಂಬರ್ 26ರ ರಾತ್ರಿ ಇಬ್ಬರು ಬಂದೂಕುಧಾರಿಗಳು ಈ ನಿಲ್ದಾಣಕ್ಕೆ ನುಗ್ಗಿದರು. ದೂರದೂರಿನ ಗಾಡಿಗಳಿಗಾಗಿ ಗಂಟುಮೂಟೆ, ಮಕ್ಕಳುಮರಿಗಳೊಡನೆ ನೆಲದ ಮೇಲೆ ಕುಳಿತಿದ್ದವರ ಮೇಲೆ ಗುಂಡು ಹಾರಿಸಿದರು. 50ಕ್ಕೂ ಹೆಚ್ಚು ಜನ ಸತ್ತರು. ಗಾಯಗೊಂಡವರು ಅದಕ್ಕಿಂತ ಹೆಚ್ಚು. ಸತ್ತವರಲ್ಲಿ ಬಹುಮಂದಿ ಕೊನೆಯ ದರ್ಜೆಯ ಬಡ ಪ್ರಯಾಣಿಕರು. ಆ ಹೊತ್ತಿನಲ್ಲಿ ಲೋಕಲ್ ಪ್ಲಾಟ್‌ಫಾರಂಗಳ ಮೇಲಿನ ಕೋಣೆಯಲ್ಲಿ ಕೆಲಸದ ಮೇಲಿದ್ದ ಒಬ್ಬ ಉದ್ಘೋಷಕರು ನಡೆಯುತ್ತಿರುವುದನ್ನು ಅರಿತುಕೊಂಡರು. ಓಡಿಹೋಗಲಿಲ್ಲ. ಆ ಕಡೆಗೆ ಹೋಗಬೇಡಿ, ಹಿಂದಿನ ದಾರಿಯಿಂದ ಹೊರಗೆ ಹೋಗಿ ಎಂದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಹೇಳುತ್ತ ಕುಳಿತರು. ಲೋಕಲಿನಿಂದ ಇಳಿಯುತ್ತಿದ್ದ ನೂರಾರು ಜನ ಆ ಮಾತು ಕೇಳಿ ಬದುಕಿಕೊಂಡರು. ದನಿಯೊಂದನ್ನೇ ನಂಬಿ ನಡೆಯುವುದೆಂದರೇನೆಂದು ಬಾನುಲಿ ಕೇಳುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

2004ರಲ್ಲಿ ಯುನೆಸ್ಕೋ ಸಂಸ್ಥೆ ಈ ನಿಲ್ದಾಣವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ನಮ್ಮ ಹಂಪೆಯೂ ಇದೆ, ಪಟ್ಟದಕಲ್ಲೂ ಇದೆ. ಆದರೆ ಒಂದು ಭೇದವುಂಟು. ಹಂಪೆಯ ಅರಮನೆಯಲ್ಲಿ ಇಂದು ಅರಸರಿಲ್ಲ, ವಿ.ಟಿ.ಯಲ್ಲಿ ಗಾಡಿಗಳು ಓಡುತ್ತಲೇ ಇವೆ, ಮಧ್ಯ ರೈಲ್ವೆಯ ಆಡಳಿತವೂ ಅಲ್ಲಿಯೇ ಇದೆ. ಇಲ್ಲಿಂದಲೇ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಹಳೆಯದನ್ನು ಮುಟ್ಟಬಾರದೆಂದರೆ ಇಂದಿನ ಜನಸಂದಣಿಗೆ ಜಾಗವೆಲ್ಲಿ? ಜಾಗ ಮಾಡುತ್ತೇವೆಂದು ಹೊರಟರೆ ಹಳೆಯದು ಉಳಿದೀತೆ? 2022ರಲ್ಲಿ ಕೇಂದ್ರ ಸಚಿವ ಸಂಪುಟ ಹೊಸ ದೆಹಲಿ, ಅಹಮದಾಬಾದು ಮತ್ತು ಈ ನಿಲ್ದಾಣ, ಮೂರರ ಪುನರಭಿವೃದ್ಧಿಗೆ ಸುಮಾರು 10,000 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಒಪ್ಪುವುದು ಸುಲಭ, ಕಲ್ಲಿಗೂ ಜನಕ್ಕೂ ನ್ಯಾಯ ಸಲ್ಲಿಸುವುದು ಕಷ್ಟ.

ನನ್ನ ಮಟ್ಟಿಗೆ ಹೇಳುವುದಾದರೆ, ಎರಡರಲ್ಲಿ ಒಂದನ್ನು ಬಿಡಬೇಕೆಂಬ ವಾದ ಸರಿಯಲ್ಲ. ಗಾಡಿಗಳನ್ನು ಬೇರೆಡೆಗೆ ಸಾಗಿಸಿ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿದರೆ, ಮರುದಿನದಿಂದಲೇ ಅದು ಬಾಗಿಲಾಗಿ ಉಳಿಯದೆ ಬಾಗಿಲಿನ ಚಿತ್ರವಾಗಿಬಿಡುತ್ತದೆ. ಹಾಗೆಂದು ಅಂದವೇಕೆ, ಉಪಯೋಗವಿದ್ದರೆ ಸಾಕು ಎನ್ನುವವರ ಮಾತೂ ಸಲ್ಲದು. ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಚೆಲುವಾದ ಕೋಣೆ ಯಾವುದು, ಬಲ್ಲಿರಾ? ಕಮಾನುಗಳ ಕೆಳಗೆ ಹೊಳೆವ ಕಂಬಗಳು, ಮೇಲೆ ನಕ್ಷತ್ರಗಳ ಚಿತ್ತಾರವುಳ್ಳ ‘ಸ್ಟಾರ್ ಚೇಂಬರ್’. ಅದು ದೊಡ್ಡ ಸಾಹೇಬರ ಕೋಣೆಯಲ್ಲ. ಟಿಕೆಟ್ಟು ಕೊಡುವ ಜಾಗ. ಹತ್ತು ರೂಪಾಯಿಯ ಲೋಕಲ್ ಟಿಕೆಟ್ಟಿಗೆ ಸಾಲಿನಲ್ಲಿ ನಿಂತವನ ತಲೆಯ ಮೇಲೆ ಅರಮನೆಯ ಚಾವಣಿ! ಕಟ್ಟಿದವರ ಉದ್ದೇಶ ಏನೇ ಇರಲಿ, ಇಂದು ಆ ಚೆಲುವು ದಣಿದು ಬಂದ ಸಾಮಾನ್ಯನ ಸೊತ್ತು. ಹೊಸದನ್ನು ಕಟ್ಟುವವರು ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ, ಹಳೆಯ ಕಲ್ಲೂ ಉಳಿಯುತ್ತದೆ, ಹೊಸ ಜನಕ್ಕೂ ಜಾಗವಾಗುತ್ತದೆ.

ಮುಂದೆ ಎಂದಾದರೂ ನೀವು ಮುಂಬಯಿಗೆ ಹೋದರೆ, ಗಾಡಿಯಿಂದಿಳಿದ ಗಡಿಬಿಡಿಯಲ್ಲಿ ಟ್ಯಾಕ್ಸಿಯ ಕಡೆಗೆ ಓಡಬೇಡಿ. ಹತ್ತು ನಿಮಿಷ ಬಿಡುವು ಮಾಡಿಕೊಂಡು ಟಿಕೆಟ್ಟಿನ ಕೋಣೆಗೆ ಹೋಗಿ ತಲೆಯೆತ್ತಿ ನೋಡಿ. ಹಾಗೆ ನೋಡುವಾಗ ಒಂದು ಎಚ್ಚರಿಕೆ ಮಾತ್ರ ಇರಲಿ: ಸ್ವಲ್ಪ ಪಕ್ಕಕ್ಕೆ ನಿಲ್ಲಿ. ನಿಮ್ಮ ಹಿಂದೆಯೇ ಯಾರೋ ಒಬ್ಬರು ಆರು ಇಪ್ಪತ್ತಮೂರರ ಗಾಡಿಗೆ ಓಡಿಬರುತ್ತಿರುತ್ತಾರೆ.